ಬೆಳಕು ಹೋಗಿ ಬರುವ ಹೊತ್ತು

ಇಗರ್ಜಿಯ ಮೊದಲ ಗಂಟೆ ಇನ್ನೂ ಬಾರಿಸಿಲ್ಲ. ವವಾವು ದ್ವೀಪದ ದಡದ ತಗಡಿನ ಕೋಣೆಯಲ್ಲಿ ಲೋಸೇಲಿ ಫಿಫಿತಾ ಕಣ್ಣು ಮುಚ್ಚಿ ಕೂತಿದ್ದಾಳೆ. ಎದುರಿನ ಯಂತ್ರದಿಂದ ಈಗಷ್ಟೇ ಒಂದು ಮಿಣುಕು ಬೆಳಕು ಕಡಲಡಿಯ ಗಾಜಿನೆಳೆಯೊಳಗೆ ಹೊರಟಿದೆ. ಎಳೆ ತುಂಡಾದ ಕಡೆ ಮುಟ್ಟಿ ಅದು ಮರಳಬೇಕು. ಅವಳು ಒಂದು ಉಸಿರು ಬಿಡುವುದರೊಳಗೆ ಸಾವಿರಾರು ಸಲ ಹೋಗಿ ಬಂದಿರುತ್ತದೆ. ಆದರೂ ಮೀನಿಗೆ ಹೋದವರಿಗೆ ಕಾಯುವ ಹಾಗೆ ಅವಳು ಅದಕ್ಕೆ ಕಾಯುತ್ತಾಳೆ. ಹವಳದ ಸಂದಿಯಲ್ಲಿ, ಮಲಗಿದ ಮೀನುಗಳ ಪಕ್ಕದಲ್ಲಿ ಅದು ಒಂಟಿಯಾಗಿ ಸಾಗುವುದು ಅವಳಿಗೆ ಕಂಡಂತಾಗುತ್ತದೆ.

ಕೇಬಲ್ ಕಡಿದು ಎರಡು ದಿನ. ದಕ್ಷಿಣದ ಪುಟ್ಟ ದ್ವೀಪಗಳ ದವಾಖಾನೆಯ ಫೋನೂ ಮೂಕವಾಗಿದೆ. ಸಂಜೆಗೆ ಗಾಳಿ ಏಳುತ್ತದೆ, ಆಮೇಲೆ ವಾರವಿಡೀ ದೋಣಿ ಇಳಿಯುವಂತಿಲ್ಲ. ಹುಡುಕಲು ಇವತ್ತೊಂದೇ ದಿನ. ಎಲ್ಲಿ ಹುಡುಕಬೇಕೆಂದು ಲೋಸೇಲಿ ಹೇಳಬೇಕು.

ಅವಳ ಹಳೆಯ ಯಂತ್ರ ಬೆಳಕು ತೆಗೆದುಕೊಂಡ ಹೊತ್ತನ್ನಷ್ಟೇ ತೋರಿಸುತ್ತದೆ. ದೂರ ತಿಳಿಯಲು ಆ ಗಾಜಿನಲ್ಲಿ ಬೆಳಕಿನ ವೇಗ ಗೊತ್ತಿರಬೇಕು. ಕೇಬಲಿನ ಜೊತೆ ಬಂದ ಪಟ್ಟಿಯಲ್ಲಿ ಗಾಜಿನ ವಕ್ರೀಭವನ ಸೂಚ್ಯಂಕ, ಅಂದರೆ ಗಾಜು ಬೆಳಕನ್ನು ಎಷ್ಟು ಪಟ್ಟು ನಿಧಾನಿಸುತ್ತದೆಂಬ ಅಂಕಿ, 1.463 ಎಂದಿದೆ. ಅವಳು ಅದನ್ನು ನಂಬುವುದಿಲ್ಲ. ಕೇಬಲ್ ಹಾಕಿದಾಗ ಮಿಕ್ಕಿದ್ದ ಅದೇ ಎಳೆಯನ್ನು ಆಗಲೇ ಇಗರ್ಜಿಯ ರಸ್ತೆಯುದ್ದಕ್ಕೂ ಬಿಚ್ಚಿ, ಎರಡು ದಿನ ಬಗ್ಗಿ ಅಳೆದು, ಬೆಳಕು ಹಾಯಿಸಿ ನೋಡಿದವಳು ಅವಳು. "ಬಯಲಲ್ಲಿ ಬೆಳಕು ಸೆಕೆಂಡಿಗೆ ಮೂರು ಲಕ್ಷಕ್ಕೆ ಚೂರು ಕಮ್ಮಿ ಕಿಲೋಮೀಟರ್ ಓಡತ್ತೆ. ಈ ಗಾಜೊಳಗೆ ಎರಡು ಲಕ್ಷದ ನಾಕು ಸಾವಿರದ ಚಿಲ್ಲರೆ ಅಷ್ಟೇ. ಅದನ್ನ ಇದರಿಂದ ಭಾಗಿಸಿದ್ರೆ 1.469 ಬರತ್ತೆ. ಇಷ್ಟೇ ನನ್ನ ವಿದ್ಯೆ," ಎನ್ನುತ್ತಾಳೆ. ಈ ಚೂರು ವ್ಯತ್ಯಾಸ ನಲವತ್ತು ಕಿಲೋಮೀಟರಿನಾಚೆ ನೂರ ಅರವತ್ತು ಮೀಟರಾಗುತ್ತದೆ. ದೋಣಿಯಿಂದ ಕಡಲಡಿಗೆ ಕೊಕ್ಕೆ ಬಿಟ್ಟು ಎಳೆದು ಹುಡುಕುವವರಿಗೆ ಅದು ದೊಡ್ಡ ದೂರ.

ಇಪ್ಪತ್ತೆರಡು ವರ್ಷದ ಹಿಂದೆ, ಕೇಬಲಿನ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೆಳಕು ಹೋಗಿ ಬರುತ್ತದೆಂಬುದನ್ನೇ ಮರೆತು ಹೊತ್ತನ್ನು ಅರ್ಧ ಮಾಡದೆ ದೋಣಿಯನ್ನು ಎರಡರಷ್ಟು ದೂರ ಅಟ್ಟಿದ್ದಳು. ಲೋಸೇಲಿ ದಾರಿ ಹೇಳಿದರೆ ಊಟ ಎರಡು ಹೊತ್ತಿಗೆ ಕಟ್ಟಿಕೊಳ್ಳಿ ಎಂದು ಊರು ಇವತ್ತಿಗೂ ಕಾಲೆಳೆಯುತ್ತದೆ.

ನಗದವನು ಒಬ್ಬನೇ, ದೋಣಿ ನಡೆಸುವ ಹೌಸಿಯಾ, ಅವಳ ತಮ್ಮ. ಈ ದ್ವೀಪಗಳ ರೂಢಿಯಂತೆ, ಬೆಳೆದ ತಮ್ಮ ಅಕ್ಕನೊಂದಿಗೆ ಒಂದೇ ಕೋಣೆಯಲ್ಲಿ ಕೂರುವುದಿಲ್ಲ, ತಮಾಷೆ ಮಾಡುವುದಿಲ್ಲ, ಎದುರಾಡುವುದಂತೂ ಇಲ್ಲವೇ ಇಲ್ಲ. ಹಾಗಾಗಿ ಅವನು ನಂಬುವುದು ಅವಳ ಲೆಕ್ಕವನ್ನೋ, ಅಕ್ಕನೆಂಬ ಮರ್ಯಾದೆಯನ್ನೋ ಎಂಬುದು ಅವಳಿಗೆ ಈವರೆಗೂ ಗೊತ್ತಾಗಿಲ್ಲ. ಆ ಕೊರಗು ಅವಳನ್ನು ಬಿಟ್ಟಿಲ್ಲ. ಇವತ್ತೂ ಅವಳು ಪಟ್ಟಿಯ ಲೆಕ್ಕದ್ದು, ತನ್ನ ಲೆಕ್ಕದ್ದು ಎಂದು ಎರಡೂ ಜಾಗ ಬರೆದು, ತನ್ನದರ ಕೆಳಗೆ ಗೆರೆ ಎಳೆದು, ಚೀಟಿಯನ್ನು ಹೊಸ್ತಿಲ ಮೇಲಿಡುತ್ತಾಳೆ. ಹೊರಗೆ ನಿಂತವನು ತಲೆ ಬಗ್ಗಿಸಿ ಎತ್ತಿಕೊಂಡು ಹೋಗುತ್ತಾನೆ.

ಮಧ್ಯಾಹ್ನ ಬೇಯಿಸಿದ ಗೆಣಸು ಹಾಗೆಯೇ ಆರುತ್ತದೆ. ಗಾಳಿ ಏಳುವ ಹೊತ್ತಿಗೆ ದೋಣಿ ಬರುತ್ತದೆ. ಕಡಿದ ಎರಡೂ ತುದಿ ಸಿಕ್ಕಿವೆ, ಅವನ್ನು ಹತ್ತಿರದ ದ್ವೀಪದ ದಡಕ್ಕೆ ಎಳೆದು ಕಟ್ಟಿದ್ದಾರೆ. ನಾಳೆ ಅವಳು ಅಲ್ಲೇ ಬೆಸೆಯಬಹುದು. ಹೌಸಿಯಾ ಮಾತ್ರ ಬಾಗಿಲಾಚೆಯಿಂದ ಕದಲುವುದಿಲ್ಲ.

"ಅಕ್ಕ, ತಪ್ಪು ಮಾಡಿದೆ. ಮೊದಲು ಪಟ್ಟಿಯವರು ಹೇಳಿದ ಜಾಗಕ್ಕೇ ಹೋದೆ. ಎರಡು ಗಂಟೆ ಎಳೆದ್ರೂ ತುದಿ ಸಿಗಲಿಲ್ಲ. ಆಮೇಲೆ ನೀವು ಗೆರೆ ಎಳೆದ ಕಡೆ ಕೊಕ್ಕೆ ಬಿಟ್ಟೆ. ಮೊದಲ ಎಳೆತಕ್ಕೇ ಬಂತು."

ಅವನು ಬೈಗುಳಕ್ಕೆ ಕಾಯುತ್ತಾನೆ. ಒಳಗೆ ಲೋಸೇಲಿ ಕಣ್ಣೊರೆಸಿಕೊಂಡು, ತಣ್ಣಗಾದ ಗೆಣಸನ್ನು ಎರಡು ಭಾಗ ಮಾಡಿ, ಒಂದನ್ನು ಹೊಸ್ತಿಲ ಮೇಲಿಡುತ್ತಾಳೆ.

"ಅನುಮಾನ ಪಟ್ಟಿದ್ದು ಒಳ್ಳೇದಾಯ್ತು, ತಿನ್ನು," ಎನ್ನುತ್ತಾಳೆ. "ಇವತ್ತು ನೀನು ನಂಬಿದ್ದು ಅಕ್ಕನ್ನಲ್ಲ, ಲೆಕ್ಕಾನ."