ಕೆಂಪು ಬಟ್ಟೆ ಕಟ್ಟಿದ ತಂತಿ ಕಂಬ

ಖಾದರ್ ಸಾಬರ ಕಿವಿ ಮಂದವಾಗಿದೆ ಎಂದು ಮೊದಲು ಹೇಳಿದವನು ನಾನು. ಅದು ಸುಳ್ಳು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಊರು ನಂಬಿತು, ಅದು ಹೋಗಲಿ — ಖಾದರ್ ಸಾಬರೇ ನಂಬಿಬಿಟ್ಟರು. ಎಂಟು ವರ್ಷದಿಂದ ಆ ಮನುಷ್ಯ ಚೆನ್ನಾಗಿ ಕೇಳುವ ಎರಡು ಕಿವಿ ಇಟ್ಟುಕೊಂಡು ಕಿವುಡನ ಹಾಗೆ ಬದುಕುತ್ತಿದ್ದಾರೆ.

ನಾನು ಓದಿದ್ದು ಮೂರನೇ ಕ್ಲಾಸು. ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ, ಹಾಗೆ ಬರೆಯುವವರನ್ನು ಕಂಡರೆ ಆಗುವುದೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನನ್ನ ಊರು ಕೆರಗೋಡು. ಹದಿನಾರು ವರ್ಷಕ್ಕೆ ಮದ್ದೂರಿಗೆ ಬಂದು ಮರಿಗೌಡರ ಅಂಗಡಿ ಸೇರಿದೆ. ಮದುವೆಗೆ, ಸಭೆಗೆ ಗ್ಯಾಸ್‌ಲೈಟು, ಚಪ್ಪರದ ಸಾಮಾನು, ಮೈಕ್ ಸೆಟ್ಟು ಬಾಡಿಗೆಗೆ ಕೊಡುವ ಅಂಗಡಿ. ಅವತ್ತಿಗೆ ಸುತ್ತ ಬೇರೆ ಎಲ್ಲೂ ಮೈಕ್ ಸೆಟ್ಟು ಇರಲಿಲ್ಲ. ಆ ಸೆಟ್ಟನ್ನು ಬಿಚ್ಚಿ, ಕೂಡಿಸಿ, ನಡೆಸುತ್ತಿದ್ದವರು ಖಾದರ್ ಸಾಬರು. ನಾನು ಅವರನ್ನು ಖಾದರಣ್ಣ ಎನ್ನುತ್ತಿದ್ದೆ. ಹೆಂಡತಿ ತೀರಿಹೋಗಿದ್ದರು, ಒಬ್ಬಳೇ ಮಗಳನ್ನು ಮಳವಳ್ಳಿಗೆ ಕೊಟ್ಟಿದ್ದರು. ಅಂಗಡಿಯ ಹಿಂದಿನ ಕೋಣೆಯಲ್ಲೇ ಅವರ ವಾಸ.

ನಮ್ಮ ಹಾರನ್ನು, ಅಂದರೆ ಮೈಕಿನ ಮಾತು ಹೊರಗೆ ಬರುವ ತುತ್ತೂರಿ, ಹಳೆಯದು. ಬಾಯಿ ಸೊಟ್ಟಗಾಗಿತ್ತು, ಬಣ್ಣ ಹೋಗಿತ್ತು. ಒಳಗೆ ಸದ್ದು ಹುಟ್ಟಿಸುವ ತೆಳು ತಗಡು ಒಂದಿರುತ್ತದೆ. ಅದನ್ನು ಖಾದರಣ್ಣ ತಾವೇ ಕತ್ತರಿಸಿ, ಉಜ್ಜಿ ಉಜ್ಜಿ ಕೂರಿಸಿದ್ದರು. ಕೂರಿಸಿ ಕಿವಿ ಕೊಟ್ಟು ಕೇಳುವುದು, ಮತ್ತೆ ಬಿಚ್ಚುವುದು, ಉಜ್ಜುವುದು. ಒಂದು ಸಲ ಮೂರು ದಿನ ಹೀಗೇ ಮಾಡಿದರು. ನನಗೆ ತಲೆ ಕೆಟ್ಟುಹೋಗಿತ್ತು. ಕೂಗಿದರೆ ಕೇಳುತ್ತದಲ್ಲ, ಇನ್ನೇನು ಬೇಕು?

"ಸದ್ದು ಓಗೋದು ದೊಡ್ಡದಲ್ಲ ಕಣೋ ನಿಂಗ," ಎನ್ನುತ್ತಿದ್ದರು. "ಎಮ್ಮೆ ಅರುಚುದ್ರೂ ಸದ್ದು ಓಗ್ತದೆ. ಮಾತು ಓಗ್ಬೇಕು."

ಮೂರು ವರ್ಷ ನಾನು ಬ್ಯಾಟರಿ ಹೊತ್ತೆ, ಮರ ಹತ್ತಿ ಹಾರನ್ನು ಕಟ್ಟಿದೆ. ಸೆಟ್ಟಿನ ತಿರುಪು ಮುಟ್ಟಲು ಅವರು ಬಿಡಲಿಲ್ಲ. "ಮೊದ್ಲು ಕೇಳೋದ್ ಕಲಿ, ಆಮ್ಯಾಕೆ ಮುಟ್ಟೀವಂತೆ" — ಅಷ್ಟೇ. ನನಗೆ ಉರಿಯುತ್ತಿತ್ತು. ಮದುವೆ ಮನೆಯಲ್ಲಿ ಹುಡುಗಿಯರು ಸೆಟ್ಟಿನ ಮುಂದೆ ಕೂತವರನ್ನು ನೋಡುತ್ತಿದ್ದರು. ಮರದ ಮೇಲೆ ಕೂತವನನ್ನು ಯಾರು ನೋಡುತ್ತಾರೆ?

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಬೆಂಗಳೂರಿನಿಂದ ಒಬ್ಬ ಮಾರಾಟದವನು ಹೊಸ ಹಾರನ್ನು ತಂದ. ನಮ್ಮದರ ಎರಡರಷ್ಟು ದೊಡ್ಡದು. ಮಿರಮಿರ ಹೊಳೆಯುತ್ತಿತ್ತು. ಅಂಗಡಿ ಮುಂದೆ ಹಾಕಿ ಕೂಗಿದ, ಎದುರು ಹೋಟೆಲಿನ ಲೋಟ ನಡುಗಿತು. ಮರಿಗೌಡರಿಗೆ ಅಲ್ಲೇ ಅರ್ಧ ಮನಸ್ಸಾಯಿತು. ಮಾರಾಟದವನು ಇನ್ನೊಂದು ಮಾತು ಸೇರಿಸಿದ: "ಇದಕ್ಕೆ ಉಸ್ತಾದರು ಬೇಕಾಗಿಲ್ಲ ಸ್ವಾಮಿ. ಸ್ವಿಚ್ ಹಾಕೋಕೆ ಬಂದರೆ ಸಾಕು. ಈ ನಿಮ್ಮ ಹುಡುಗನೇ ನಡೆಸಬಹುದು."

ನನ್ನ ಕಡೆ ಬೆರಳು ತೋರಿಸಿದ. ಆ ಬೆರಳು ಇವತ್ತಿಗೂ ನನಗೆ ಕಾಣುತ್ತದೆ.

ಖಾದರಣ್ಣ ಮಾತ್ರ ತಲೆ ಆಡಿಸಿದರು. "ಇದ್ರಾಗೆ ಮಾತು ಕದಡ್ತದೆ ಗೌಡ್ರೆ. ಹತ್ರಕ್ಕೆ ಅಬ್ಬರ, ದೂರಕ್ಕೆ ಬರೀ ಗದ್ಲ. ಬೇಡ."

"ಅಂಗಾದ್ರೆ ಎರಡ್ನೂ ಕೂಗ್ಸಿ ನೋಡೇಬುಡಾನ ಸಾಬ್ರೆ," ಎಂದರು ಗೌಡರು. "ಯಾವ್ದು ದೂರ ಓಯ್ತದೋ ಅದೇ ಇರ್ಲಿ."

ಹನಕೆರೆ ಸ್ಟೇಷನ್ ಆಚೆ ಗೌಡರ ಭಾವಮೈದುನನ ಕಣವಿತ್ತು. ಅಲ್ಲಿಂದ ರೈಲು ಹಳಿ ನೆಟ್ಟಗೆ ಹೋಗುತ್ತದೆ, ಹಳಿ ಪಕ್ಕ ತಂತಿ ಕಂಬಗಳು. ದೂರ ಅಳೆಯಲು ಕಂಬ ಎಣಿಸಿದರೆ ಸಾಕು. ಖಾದರಣ್ಣನ ಪದ್ಧತಿ ಹೀಗೆ: ಅವರು ಮೈಕಿನಲ್ಲಿ ಊರುಗಳ ಹೆಸರು ಕೂಗುತ್ತಾ ಹೋಗುವುದು — ಕ್ರಮ ಇಲ್ಲದೆ, ಬಾಯಿಗೆ ಬಂದ ಹಾಗೆ. ಕೇಳುವವನು ಹಳಿ ಪಕ್ಕ ನಡೆಯುವುದು. ಎಲ್ಲಿ ಸದ್ದು ಕೇಳಿದರೂ ಊರಿನ ಹೆಸರು ತಿಳಿಯುವುದಿಲ್ಲವೋ ಆ ಕಂಬಕ್ಕೆ ಬಟ್ಟೆ ಕಟ್ಟುವುದು. ಹಳೆಯದಕ್ಕೆ ಕೆಂಪು ಬಟ್ಟೆ, ಹೊಸದಕ್ಕೆ ಬಿಳಿ. ನಾನು ಹೋಗುವಾಗ ಹಳೆಯದರಲ್ಲಿ ಕೂಗುವುದು, ಅರ್ಧ ಗಂಟೆ ಆದ ಮೇಲೆ, ನಾನು ಬರುವಾಗ, ಹೊಸದರಲ್ಲಿ ಎಂದು ಮಾತಾಯಿತು.

ಕೇಳುವವನು ನಾನು. ನನ್ನನ್ನೇ ಕಳಿಸಿ ಎಂದವರು ಖಾದರಣ್ಣ. "ಅವನ ಕಿವಿ ಚೆನ್ನಾಗೈತೆ ಗೌಡ್ರೆ, ಎಳೇದು."

ಗೌಡರು ನಕ್ಕರು. "ಲೇ ನಿಂಗ, ಕಿವಿ ತಕ್ಕಂಡೋಗ್ಲಾ. ಬಾಯಿ ಇಲ್ಲೇ ಬುಟ್ಬುಟ್ಟೋಗು."

ಬೆಳಗಿನ ಹೊತ್ತು. ಗಾಳಿ ಇರಲಿಲ್ಲ. ಎರಡು ಕಡೆಯೂ ಕಬ್ಬು. ನಾನು ನಡೆದೆ. ಐದು ಕಂಬ, ಹತ್ತು ಕಂಬ — ಖಾದರಣ್ಣನ ಸ್ವರ ಸಣ್ಣಗಾಗುತ್ತಾ ಬಂತು, ಆದರೆ ಒಂದೊಂದು ಅಕ್ಷರವೂ ಕೇಳುತ್ತಿತ್ತು. ಕೊಪ್ಪ. ಬೆಸಗರಹಳ್ಳಿ. ಕೆರಗೋಡು. ಹದಿನೈದನೇ ಕಂಬದಲ್ಲೂ ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿದ ಹಾಗೆ. ಹದಿನೇಳನೇ ಕಂಬದ ಹತ್ತಿರ "ಹಲಗೂರು" ಎಂದದ್ದು ಕೇಳಿತು. ಆಮೇಲೆ ಬರೀ ಸದ್ದು.

ಕೆಂಪು ಬಟ್ಟೆ ತೆಗೆದು ಆ ಕಂಬಕ್ಕೆ ಸುತ್ತಿದೆ. ಒಂದು ಗಂಟೂ ಹಾಕಿದೆ. ಹಾಕಿ ನಿಂತೆ.

ಅಲ್ಲಿಗೆ ಕೈ ಬಿಟ್ಟಿದ್ದರೆ — ಆದರೆ ಬಿಡಲಿಲ್ಲ. ಹಳೆಯದು ಗೆದ್ದರೆ ನಾನು ಇನ್ನೂ ಎಷ್ಟು ವರ್ಷ ಮರ ಹತ್ತಬೇಕು ಎಂದು ಯೋಚಿಸಿದೆ. ಅಷ್ಟೇ ಯೋಚಿಸಿದ್ದು. ಗಂಟು ಬಿಚ್ಚಿದೆ.

ಹೊಸ ಹಾರನ್ನು ಶುರುವಾಯಿತು. ಸದ್ದೇನೋ ಜೋರಾಗಿಯೇ ಬಂತು. ಆದರೆ ಮಾತಿಲ್ಲ, ಗುಂಯ್ ಗುಂಯ್ ಅಷ್ಟೇ. ವಾಪಸು ನಡೆಯುತ್ತಾ ಬಂದೆ. ಹನ್ನೊಂದನೇ ಕಂಬಕ್ಕೆ ಬಂದ ಮೇಲೆ ಹೆಸರು ತಿಳಿಯಿತು. ಖಾದರಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ತಿರುಗಿ ಹದಿನೇಳಕ್ಕೆ ಓಡಿದೆ, ಬಿಳಿ ಬಟ್ಟೆ ಕಟ್ಟಿದೆ. ಮತ್ತೆ ಹನ್ನೊಂದಕ್ಕೆ ಬಂದು ಕೆಂಪು ಬಟ್ಟೆ ಕಟ್ಟಿದೆ. ಗಂಟು ಬಿಗಿಯಾಗಿಯೇ ಬಿತ್ತು.

ಗೌಡರು ಸೈಕಲ್ಲಿನಲ್ಲಿ ಹೋಗಿ ಬಟ್ಟೆ ನೋಡಿಕೊಂಡು ಬಂದರು. ಖಾದರಣ್ಣ ನನ್ನನ್ನು ಕೇಳಿದರು: "ಹೊಸದ್ರಾಗೆ ಕೊನೇಗೆ ಯಾವೂರು ಕೇಳುಸ್ತು?"

ನಾನು ಇದಕ್ಕೆ ತಯಾರಾಗಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. "ಅಲಗೂರು."

ಅವರು ಹುಬ್ಬು ಗಂಟಿಕ್ಕಿದರು. "ಅಲಗೂರು ನಾನು ಕೂಗಿದ್ದು ಹಳೇದ್ರಾಗಲ್ವೇನೋ?"

ಸಿಕ್ಕಿಬಿದ್ದೆ ಎಂದುಕೊಂಡೆ. ಆಗ ನನ್ನ ಬಾಯಿಂದ ಆ ಮಾತು ಬಂತು — ಈಗ ನೆನೆದರೆ ನಾಲಿಗೆ ಕಹಿಯಾಗುತ್ತದೆ.

"ಹೊಸದ್ರಾಗೂ ಕೂಗುದ್ರಿ ಕಣಣ್ಣ. ನೀವ್ ಕೂಗಿದ್ದು ನಿಮ್ಗೇ ಕೇಳುಸ್ಲಿಲ್ವಾ?"

ಮಾರಾಟದವನು ಗೊಳ್ಳೆಂದು ನಕ್ಕ. ಗೌಡರು ಖಾದರಣ್ಣನ ಮುಖ ನೋಡಿದರು. ಶುರು ಮಾಡಿದ್ದನ್ನು ಮುಗಿಸಿಬಿಡಬೇಕು ಅನ್ನಿಸಿತು. "ಈಚ್ಗೆ ಖಾದರಣ್ಣನ ಕಿವಿ ಮಂದ ಆಗೈತೆ ಗೌಡ್ರೆ. ಒಂದೊಂದಿನ ನಾನು ಮೂರ್ ಸಲ ಕೂಗುದ್ರೂ ಓ ಅನ್ನಲ್ಲ. ಅಣ್ಣಂಗೆ ಬೇಜಾರಾಯ್ತದೆ ಅಂತ ಏಳಿರ್ನಿಲ್ಲ."

ಮೂರು ಸಲ ಕೂಗಿದರೂ ಓ ಅನ್ನದಿದ್ದದ್ದು ಹೌದು. ಸೆಟ್ಟಿನ ಸದ್ದು ಪರೀಕ್ಷಿಸಲು ಎರಡು ಕಿವಿಯನ್ನೂ ಮುಚ್ಚುವ ಫೋನು ಹಾಕಿಕೊಂಡು ಬಗ್ಗಿರುತ್ತಿದ್ದರು, ಅದಕ್ಕೆ. ಫೋನಿನ ಮಾತು ನಾನು ಎತ್ತಲಿಲ್ಲ.

ಖಾದರಣ್ಣ ಜಗಳ ಆಡುತ್ತಾರೆ ಎಂದುಕೊಂಡೆ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಏನೋ ಒಂದು ಆಗುತ್ತಿತ್ತು. ಅವರು ಬೈಯಲಿಲ್ಲ. ಎರಡು ಬೆರಳಿನಿಂದ ಎಡಗಿವಿ ಹಿಡಿದುಕೊಂಡರು.

"ನಮ್ಮಪ್ಪಂಗೂ ಇದೇ ವಯಸ್ಸಿಗೇ ಆಗಿದ್ದು," ಎಂದರು. "ಅವ್ರಿಗೂ ಗೊತ್ತೇ ಆಗಿರ್ನಿಲ್ಲ."

ನನಗೆ ಅವರ ಅಪ್ಪನ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿರಲಿಲ್ಲ ಎಂದು ಬರೆಯಲು ಕೈ ಬರುತ್ತದೆ. ಬರೆಯುವುದಿಲ್ಲ. ಗೊತ್ತಿದ್ದರೂ ಹೇಳುತ್ತಿದ್ದೆನೋ ಏನೋ.

ಹೊಸ ಹಾರನ್ನು ಉಳಿಯಿತು. ಖಾದರಣ್ಣ ಒಂದು ತಿಂಗಳು ಇದ್ದರು. ಆ ತಿಂಗಳಲ್ಲಿ ಅವರು ಬೇರೆಯೇ ಆದರು. ಕೇಳಿಸಿದ್ದನ್ನೂ "ಏನಂದೆ?" ಎಂದು ಮತ್ತೆ ಕೇಳುವರು. ತಗಡು ಉಜ್ಜಿ ನನ್ನ ಕೈಗೆ ಕೊಟ್ಟು, "ಸರಿಯಾಗೈತಾ ನೋಡೋ, ನಂಗೆ ನಂಬ್ಕೆ ಇಲ್ಲ" ಎನ್ನುವರು. ಕೇಳಲು ಕಲಿಯದ ನನ್ನನ್ನು! ಕೊನೆಗೆ, ಕಿವಿ ಇಲ್ಲದವನು ಈ ಕೆಲಸ ಮಾಡಬಾರದು ಎಂದು ತಾವೇ ಗೌಡರಿಗೆ ಹೇಳಿ ಮಗಳ ಮನೆಗೆ ಹೊರಟರು. ಹೋಗುವಾಗ ಕಿವಿಯ ಫೋನನ್ನು ಬಟ್ಟೆಯಲ್ಲಿ ಸುತ್ತಿ ನನಗೆ ಕೊಟ್ಟರು. "ನಂಗಿನ್ಯಾಕೆ," ಎಂದರು.

ನಾನು ಸೆಟ್ಟಿನ ಮುಂದೆ ಕೂತೆ. ಹುಡುಗಿಯರು ನೋಡಿದರು. ಅದೂ ಆಯಿತು.

ಅದೇ ವರ್ಷ ನಮ್ಮ ಕೆರಗೋಡಿನಲ್ಲೇ ಒಂದು ದೊಡ್ಡ ಸಭೆ. ಹಿಂದೆ ಕೂತವರು ಒಬ್ಬೊಬ್ಬರಾಗಿ ಎದ್ದು ಹೋದರು. ನನ್ನ ದೊಡ್ಡವ್ವ ಸೆಟ್ಟಿನ ಹತ್ತಿರ ಬಂದು ಕೇಳಿದಳು: "ಇದೇನ್ಲಾ ಮಗಾ, ಕಡಜದ ಗೂಡ್ಗೆ ಕೋಲಾಕ್ದಂಗೆ ಗುಂಯ್ ಅಂತೈತೆ? ಒಂದ್ ಮಾತೂ ತಿಳೀನಿಲ್ಲ. ಮೊದ್ಲಿದ್ನಲ್ಲ ಸಾಬಿ, ಅವನೆಲ್ಲೋದ?" ನಾನು ತಿರುಪು ತಿರುಗಿಸುವವನ ಹಾಗೆ ತಲೆ ತಗ್ಗಿಸಿದೆ. ಅಷ್ಟರಲ್ಲಿ ಯುದ್ಧ ಬಂತು. ಬೇರೆ ಹಾರನ್ನು ತರಿಸುವ ಹಾಗಿರಲಿಲ್ಲ. ಎಂಟು ವರ್ಷ ಆ ಗದ್ದಲವನ್ನೇ ಹಳ್ಳಿ ಹಳ್ಳಿಗೆ ಹೊತ್ತೆ. ಹಳೆಯ ಹಾರನ್ನು ಗೋಡೌನಿನ ಮೂಲೆಯಲ್ಲಿ ಬಿದ್ದಿತ್ತು. ಅದರೊಳಗೆ ಗೌಡರ ಮನೆಯ ಕೋಳಿ ಕಾವಿಗೆ ಕೂರುತ್ತಿತ್ತು.

ಹೋದ ತಿಂಗಳು ಮಳವಳ್ಳಿಯಲ್ಲಿ ಒಂದು ಮದುವೆ. ಸಾಮಾನು ಇಳಿಸಿ ಖಾದರಣ್ಣನನ್ನು ಹುಡುಕಿಕೊಂಡು ಹೋದೆ. ಬಸ್ ನಿಲ್ದಾಣದ ಹತ್ತಿರ ಮಗಳ ಮನೆ ಜಗಲಿಯ ಮೇಲೆ ಸೀಮೆಎಣ್ಣೆ ಸ್ಟೌವು, ಲಾಟೀನು ರಿಪೇರಿ ಮಾಡುತ್ತಾ ಕೂತಿದ್ದರು. ಗಡ್ಡ ಪೂರಾ ಬೆಳ್ಳಗಾಗಿದೆ. ಮಗಳು ಜುಬೇದಾ ಅಪ್ಪನ ಕಿವಿಯ ಹತ್ತಿರ ಬಗ್ಗಿ ಕಿರುಚಿದಳು: "ಅಬ್ಬಾ! ಮದ್ದೂರಿಂದ ಯಾರೋ ಬಂದವ್ರೆ!"

ಅವರು ಕಣ್ಣು ಮುಚ್ಚಿ ಕತ್ತು ಆಚೆ ಎಳೆದುಕೊಂಡರು. ಆ ಕಿರುಚಾಟ ಅವರನ್ನು ನೋಯಿಸಿತು. ಕಿವುಡನಿಗೆ ಅದು ಯಾಕೆ ನೋಯುತ್ತದೆ? ಎಂಟು ವರ್ಷ ಆ ಮನೆಯಲ್ಲಿ ದಿನಾ ಹೀಗೆ ಕಿರುಚಿದ್ದಾರೆ. ಅವರು ತಡೆದುಕೊಂಡಿದ್ದಾರೆ.

ನಾವು ಕೂತು ಮಾತಾಡುವಾಗ ಅವರ ಬೆನ್ನ ಹಿಂದೆ ಒಬ್ಬ ಹೆಂಗಸು ತನ್ನ ಸ್ಟೌವಿಗೆ ಗಾಳಿ ಹೊಡೆಯುತ್ತಿದ್ದಳು. ಅವರು ತಿರುಗದೆಯೇ ಹೇಳಿದರು: "ವಾಷರ್ ಒಣ್ಗೈತೆ ಕಣಮ್ಮ. ಒಂದ್ ತೊಟ್ಟು ಎಣ್ಣೆ ಬುಡು."

"ಕೇಳುಸ್ತಾ ಅಣ್ಣ ನಿಮ್ಗೆ?"

"ಕೇಳುಸ್ದಂಗಾಯ್ತು," ಎಂದರು. "ಒಂದೊಂದ್ ಸಲ ಅಂಗಾಯ್ತದೆ. ಅದ್ನೆಲ್ಲ ನಂಬೋಕಾಯ್ತದಾ?" ಆಮೇಲೆ ನನ್ನ ಮಂಡಿ ತಟ್ಟಿದರು. "ಅವತ್ತು ನೀನೊಬ್ಬ ಬಾಯ್ಬುಟ್ಟು ಏಳ್ದೆ ನೋಡು, ಒಳ್ಳೇದಾಯ್ತು. ಇಲ್ದಿದ್ರೆ ನಾನು ಗೌಡ್ರ ತಾವ ತಪ್ಪು ಹಾರನ್ನೇ ಇಡುಸ್ಬುಡ್ತಿದ್ದೆ. ಹೊಸದು ಚೆನ್ನಾಗೈತಾ?"

"ಚೆನ್ನಾಗೈತಣ್ಣ," ಎಂದೆ.

ಅಲ್ಲೂ ಸುಳ್ಳು. ಎದ್ದು ಬಂದೆ.

ಈಗ ಯುದ್ಧ ಮುಗಿದು ಮತ್ತೆ ಸಾಮಾನು ಬರುತ್ತಿದೆ. ಮೊನ್ನೆ ಬೆಂಗಳೂರಿನಿಂದ ಇನ್ನೊಬ್ಬ ಮಾರಾಟದವನು ಇನ್ನೂ ದೊಡ್ಡ ಹಾರನ್ನಿನ ಚಿತ್ರ ತೋರಿಸಿ ಹೋದ. ಬರುವ ವಾರ ಹನಕೆರೆಯಲ್ಲಿ ಕೂಗಿಸಿ ನೋಡುವುದು. ಗೌಡರು ನನಗೆ ಹೇಳಿದರು: "ತಕ್ಕಳದೋ ಬುಡದೋ, ನಿನ್ ಕಿವಿ ಮ್ಯಾಲೆ ಬುಟ್ಟಿವ್ನಿ ಕಣ್ಲಾ."

ನನ್ನ ಕಿವಿ! ಇವತ್ತು ಬೆಳಗ್ಗೆ ಗೌಡರ ಮುಂದೆ ನಿಂತು ಎಲ್ಲಾ ಹೇಳಿದೆ. ಕಂಬ, ಬಟ್ಟೆ, ಹಲಗೂರು — ಎಲ್ಲಾ. ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ಎಲೆಅಡಿಕೆ ಚೀಲ ಮುಚ್ಚಿ ಕೇಳಿದರು: "ಸಾಬ್ರಿಗೆ ಏಳ್ದೇನ್ಲಾ?"

"ಇಲ್ಲ."

"ಮತ್ತೆ ನನ್ ಮುಂದೆ ಯಾಕ್ಲಾ ಅಳ್ತಾ ನಿಂತಿದ್ದೀಯ? ಕಿವಿ ಓಗಿದ್ದು ನಂದಾ? ಓಗು ಅಲ್ಲಿಗೆ."

ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ಹಳೆಯ ಹಾರನ್ನನ್ನು ತೊಳೆದು ಒರೆಸಿ ಇಟ್ಟಿದ್ದೇನೆ. ಕಿವಿಯ ಫೋನೂ ಇದೆ, ಅದೇ ಬಟ್ಟೆಯಲ್ಲಿ. ಆದರೆ ಇದನ್ನೆಲ್ಲ ಅವರ ಮುಂದೆ ಇಟ್ಟರೆ ಏನಾದೀತು? ಅವರಿಗೆ ಈಗ ಐವತ್ತೈದು ದಾಟಿದೆ. ಬೆರಳು ಸೀಮೆಎಣ್ಣೆಯಲ್ಲಿ ಒಡೆದಿವೆ. ಹೋದ ಎಂಟು ವರ್ಷ ಯಾವ ಚೀಲದಲ್ಲೂ ಕಟ್ಟಿಕೊಂಡು ಹೋಗಲು ಸಿಗುವುದಿಲ್ಲ.

ಇನ್ನೊಂದು ಭಯ ಇದೆ. ತಮ್ಮ ಕಿವಿಗಿಂತ ನನ್ನ ಮಾತನ್ನು ಹೆಚ್ಚು ನಂಬಿ ಆ ಮನುಷ್ಯ ಕೆಟ್ಟರು. ಈಗ ಅದೇ ಬಾಯಲ್ಲಿ ಹೋಗಿ, ಅಣ್ಣ, ನನ್ನ ಮಾತು ನಂಬಿ, ನಿಮ್ಮ ಕಿವಿ ಸರಿಯಾಗಿದೆ ಎಂದರೆ — ಯಾಕೆ ನಂಬಬೇಕು? ಮುದುಕನನ್ನು ಸಮಾಧಾನ ಮಾಡಲು ಬಂದಿದ್ದಾನೆ ಅಂದುಕೊಂಡು ನನ್ನ ಮಂಡಿ ತಟ್ಟಿ ಕಳಿಸಿದರೂ ಕಳಿಸಿಯಾರು.

ಅದಕ್ಕೆ ಎದುರಿಗೆ ಕೂರುವುದಿಲ್ಲ. ಜುಬೇದಾ ಕಿರುಚಲು ಬಂದರೆ ತಡೆಯುತ್ತೇನೆ. ಅವರ ಬೆನ್ನ ಹಿಂದೆ, ಜಗಲಿಯ ಆ ತುದಿಯಲ್ಲಿ ನಿಲ್ಲುತ್ತೇನೆ. ಅಲ್ಲಿಂದ ಊರುಗಳ ಹೆಸರು ಹೇಳುತ್ತೇನೆ, ಕ್ರಮ ಇಲ್ಲದೆ, ಅವರು ಕಲಿಸಿದ ಹಾಗೆ. ಕೊಪ್ಪ. ಕೆರಗೋಡು. ಹಲಗೂರು. ಆಮೇಲೆ ನಾನು ಮಾಡಿದ್ದನ್ನೂ ಅಲ್ಲಿಂದಲೇ, ಅದೇ ಸ್ವರದಲ್ಲಿ ಹೇಳುತ್ತೇನೆ.

ಕೂಗುವುದಿಲ್ಲ. ಮೆಲ್ಲಗೆ.