ಭಾವನ ಪಥ್ಯ, ಅಕ್ಕನ ಮೂಳೆ

ಅಕ್ಕ ಬಿದ್ದದ್ದು ಅಟ್ಟದ ಮೇಲಿಂದಲ್ಲ, ಏಣಿಯ ಮೇಲಿಂದಲ್ಲ. ಭಾವನ ಫೋಟೋ ಸ್ಟುಡಿಯೋದ ಮೋಟು ಸ್ಟೂಲಿನಿಂದ ಎದ್ದಳು, ದೀಪದ ವೈರು ಕಾಲಿಗೆ ತೊಡರಿತು, ನೆಲಕ್ಕೆ ಕೈ ಊರಿದಳು. ಅಷ್ಟೇ. ಮಕ್ಕಳು ಹೀಗೆ ಬಿದ್ದರೆ ಮಂಡಿ ಒರೆಸಿಕೊಂಡು ಓಡುತ್ತವೆ. ಅರವತ್ತು ದಾಟಿದ ನಮ್ಮಕ್ಕನ ಮಣಿಕಟ್ಟು ಒಣಕಡ್ಡಿಯಂತೆ ಲಟ್ಟೆಂದಿತು. ಆ ಸದ್ದು ಮುಂದಿನ ಕೋಣೆಯಲ್ಲಿ ಕೂತಿದ್ದ ನನಗೂ ಕೇಳಿಸಿತು.

ಮೂಳೆ ಡಾಕ್ಟರು ನನ್ನ ಮಗಳ ವಯಸ್ಸಿನ ಹುಡುಗಿ. ಎಕ್ಸ್‌ರೇ ಫಿಲ್ಮನ್ನು ಬೆಳಕಿನ ಹಲಗೆಗೆ ಸಿಕ್ಕಿಸಿದಳು. ಅಕ್ಕ ನೋವು ಮರೆತು ಅದರ ಹತ್ತಿರ ಹೋಗಿ ನಿಂತಳು. ಫಿಲ್ಮು ಕಂಡರೆ ಅವಳು ಸುಮ್ಮನಿರುವವಳಲ್ಲ. ಮದುವೆಯಾಗಿ ಬಂದಂದಿನಿಂದ ಸ್ಟುಡಿಯೋದಲ್ಲಿ ಫೋಟೋ ತೆಗೆಯುವುದು ಭಾವ, ಹಿಂದಿನ ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆಯುವುದು ಅಕ್ಕ. ಆ ಫಿಲ್ಮಿನ ಮೇಲೆ ಸೀಸದಕಡ್ಡಿಯ ಮೊನೆಯಲ್ಲಿ ತಿದ್ದಿ ಅವಳು ಎಷ್ಟು ಜನರ ಮುಖದ ಸುಕ್ಕು ಅಳಿಸಿದ್ದಾಳೋ ಲೆಕ್ಕವಿಲ್ಲ. ಊರಿನವರೆಲ್ಲ ಗೋಡೆಯ ಮೇಲೆ ಚೆಂದವಾಗಿದ್ದಾರೆಂದರೆ ಅದು ಅವಳ ಪುಣ್ಯ.

"ಇದು ತೆಳುವಾಗಿ ಬಂದಿದೆ, ಅಲ್ವಾ?" ಎಂದಳು.

"ಫಿಲ್ಮ್ ಸರಿಯಾಗೇ ಇದೆ ಅಮ್ಮಾ. ನಿಮ್ಮ ಮೂಳೇನೇ ತೆಳುವಾಗಿದೆ" ಎಂದಳು ಡಾಕ್ಟರು.

ಬೆನ್ನಿನ ಫಿಲ್ಮಿನಲ್ಲಿ ಹಳೆಯದೊಂದು ಬಿರುಕು ಬೇರೆ ಇತ್ತು. ಹೋದ ವರ್ಷ ಅಕ್ಕ ಜೋರಾಗಿ ಸೀನಿದಾಗ ಬೆನ್ನು ಹಿಡಿದುಕೊಂಡಿತ್ತಂತೆ. ಎಣ್ಣೆ ತಿಕ್ಕಿಕೊಂಡು ಸುಮ್ಮನಾಗಿದ್ದಳು. ಸೀನಿದರೆ ಮೂಳೆ ಮುರಿಯುತ್ತದೆಂದು ಯಾರಿಗೆ ಗೊತ್ತು?

"ಇನ್ನೊಂದ್ಸಲ ಬಿದ್ರೆ ಮುರಿಯೋದು ಸೊಂಟ. ಅದು ಮುರಿದ ಎಷ್ಟೋ ಜನ ಮೊದಲಿನ ಹಾಗೆ ಓಡಾಡೋದೇ ಇಲ್ಲ" ಎಂದ ಡಾಕ್ಟರು ಕೇಳಿದಳು, "ಬಿಸಿಲಿಗೆ ಹೋಗ್ತೀರಾ?"

"ಬೆಳಕು ಬಿದ್ರೆ ನಮ್ಮ ಕೆಲಸ ಕೆಡ್ತಿತ್ತು ತಾಯಿ" ಎಂದು ಅಕ್ಕ ನಕ್ಕಳು.

"ಊಟಕ್ಕೆ ಏನೇನು? ಹಾಲು, ಮೊಸರು?"

ಅಕ್ಕ ಪಕ್ಕದಲ್ಲಿ ಕೂತಿದ್ದ ಭಾವನ ಮುಖ ನೋಡಿದಳು. ಉತ್ತರ ಕೊಟ್ಟವರು ಭಾವ. "ಅದೆಲ್ಲ ನಮ್ಮನೇಲಿ ಇಲ್ಲ. ಪಥ್ಯ."

"ಯಾರಿಗೆ ಪಥ್ಯ ಸರ್?"

"ನನಗೆ. ಕಿಡ್ನಿಯಲ್ಲಿ ಕಲ್ಲಾಗಿತ್ತು."

"ಅಮ್ಮನಿಗೂ ಆಗಿತ್ತಾ?"

"ಇಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಪಥ್ಯ ಹುಟ್ಟಿದ ಕಥೆ ನನಗೆ ಗೊತ್ತು. ಇಪ್ಪತ್ತು ವರ್ಷದ ಮೇಲಾಯಿತು, ಭಾವ ಗಿರಾಕಿಗಳ ಎದುರೇ ಸೊಂಟ ಹಿಡಿದು ನೆಲದ ಮೇಲೆ ಹೊರಳಾಡಿದ್ದರು. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ಲಾರಿ ಡ್ರೈವರು ಕಿವಿಯಲ್ಲಿ ಉಪದೇಶ ಮಾಡಿದ. ಕಲ್ಲೆಂದರೆ ಕ್ಯಾಲ್ಸಿಯಂ, ಆದ್ದರಿಂದ ಹಾಲು, ಮೊಸರು, ಎಳ್ಳು, ಸೊಪ್ಪು ಮುಟ್ಟಬೇಡಿ, ಬೇಳೆ, ಮೊಟ್ಟೆಯೂ ಬೇಡ ಎಂದ. ಅವನಿಗೆ ಮೂರು ಸಲ ಕಲ್ಲಾಗಿತ್ತಂತೆ, ಹಾಗಾಗಿ ಭಾವನಿಗೆ ಅವನ ಮಾತೇ ವೇದವಾಯಿತು. ಇಷ್ಟೆಲ್ಲ ಪಥ್ಯ ಮಾಡಿದವನಿಗೆ ಮೂರು ಸಲ ಯಾಕೆ ಬಂತು ಅಂತ ಕೇಳುವ ಬುದ್ಧಿ ಯಾರಿಗೂ ಬರಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಅನ್ನ, ಆಲೂಗಡ್ಡೆ, ಬಿಳಿ ಬ್ರೆಡ್ಡು, ಹಾಲಿಲ್ಲದ ಚಹಾ. ರುಚಿಗೆ ಕೈ ತುಂಬ ಉಪ್ಪು.

ಡಾಕ್ಟರು ತಾಳ್ಮೆಯಿಂದಲೇ ಹೇಳಿದಳು. "ಊಟದ ಕ್ಯಾಲ್ಸಿಯಂ ಬಿಟ್ರೆ ಕಲ್ಲು ನಿಲ್ಲಲ್ಲ ಸರ್, ಕೆಲವರಿಗೆ ಜಾಸ್ತೀನೇ ಆಗುತ್ತೆ. ನೀವು ಬಿಡಬೇಕಾಗಿದ್ದು ಉಪ್ಪು. ನೀರು ಹೆಚ್ಚು ಕುಡೀಬೇಕಿತ್ತು. ಅಮ್ಮನಿಗೆ ಮಾತ್ರೆ ಬರೀತೀನಿ. ಆದ್ರೆ ಹೊಟ್ಟೆಗೆ ಹಾಲು, ಬೇಳೆ, ಮೊಟ್ಟೆ, ಸೊಪ್ಪು ಬೀಳದೆ ಬರೀ ಮಾತ್ರೆ ಏನು ಮಾಡುತ್ತೆ? ಹೋದ ಮೂಳೆ ಪೂರ್ತಿ ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೋಬೇಕು."

ವಾಪಸ್ ಬರುವಾಗ ಆಟೋದಲ್ಲಿ ಭಾವ, "ಆ ನೋವು ಅವಳಿಗೇನು ಗೊತ್ತು, ನಿನ್ನೆ ಮೊನ್ನೆ ಹುಟ್ಟಿದ ಹುಡುಗಿ" ಎಂದರು.

ನನ್ನ ಮನೆ ಪಕ್ಕದ ಬೀದಿಯಲ್ಲಿದೆ. ಮರುದಿನದಿಂದಲೇ ನಾನು ಹಾಲು ಹಿಡಿದು ಹೋಗತೊಡಗಿದೆ. ಮೊದಲ ದಿನದ್ದು ಪಾತ್ರೆಯಲ್ಲೇ ಒಡೆದುಹೋಯಿತು, ಎರಡನೆಯ ದಿನದ್ದನ್ನು ಬೆಕ್ಕು ಕುಡಿಯಿತು. ಮೂಳೆ ಯಾರದು ಗಟ್ಟಿಯಾಗಬೇಕು, ಬೆಕ್ಕಿನದಾ? ನಾನು ಅಕ್ಕನಿಗೆ ಬಾಯಿಗೆ ಬಂದಂತೆ ಬೈದೆ. ಅವಳು ಗೋಡೆ ಹಿಡಿದು ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ ನಡೆಯುತ್ತಿದ್ದಳು. ಪ್ರತಿ ಹೆಜ್ಜೆಗೂ ಸೊಂಟ, ಸೊಂಟ ಎಂದೇ ನನ್ನ ಮನಸ್ಸು ಬಡಿದುಕೊಳ್ಳುತ್ತಿತ್ತು.

"ಕುಡಿಯೋಕೆ ಏನು ಕಷ್ಟ ನಿಂಗೆ?" ಎಂದೆ.

"ಅವರಿಗೆ ಹಾಲೆಂದ್ರೆ ಪ್ರಾಣ ಕಣೇ" ಎಂದಳು ಅಕ್ಕ. "ಆಸೆ ಆಗಬಾರದು ಅಂತ ಮನೆಗೆ ತರೋದೇ ಬಿಟ್ಟೆ. ಅವರು ಬಾಯಿ ಕಟ್ಕೊಂಡು ಕೂತಿರುವಾಗ ನಂಗೆ ಗಂಟಲಲ್ಲಿ ಇಳಿಯುತ್ತಾ?"

ಭಾವ ಮನೆಯಲ್ಲಿ ಹುಲಿಯಾಗಿದ್ದರೆ ಜಗಳವಾದರೂ ಮಾಡಬಹುದಿತ್ತು. ಹೆದರಿದವರ ಜೊತೆ, ಅವರ ಹೆದರಿಕೆಯನ್ನು ಕಾಯುತ್ತ ಕೂತವರ ಜೊತೆ ಏನಂತ ಜಗಳ ಮಾಡುವುದು?

ಐದಾರು ದಿನವಾಗಿರಬೇಕು. ಸಂಜೆ ಹಾಲು ಕಾಯಿಸಿ ದೊಡ್ಡ ಲೋಟಕ್ಕೆ ಬಗ್ಗಿಸಿದೆ. "ಇವತ್ತು ನೀನು ಕುಡೀಲಿಲ್ಲ ಅಂದ್ರೆ ನಾಳೆಯಿಂದ ನಾನು ಈ ಮೆಟ್ಟಿಲು ಹತ್ತಲ್ಲ" ಎಂದು ಪಾತ್ರೆ ತೊಳೆಯಲು ತಿರುಗಿದೆ. ತಿರುಗಿ ನೋಡುವಷ್ಟರಲ್ಲಿ ಅಕ್ಕ ಲೋಟ ಹಿಡಿದು ಮೆಟ್ಟಿಲ ಬಾಯಲ್ಲಿ ನಿಂತಿದ್ದಳು.

ಮನೆ ಮಹಡಿಯ ಮೇಲೆ, ಸ್ಟುಡಿಯೋ ಕೆಳಗೆ. ನಡುವಿನ ಮರದ ಮೆಟ್ಟಿಲು ಒಬ್ಬರಿಗಷ್ಟೇ ಸಾಲುವಷ್ಟು ಕಿರಿದು, ಮೇಲಾಗಿ ಕಡಿದಾದದ್ದು. ಹಿಡಿದುಕೊಳ್ಳಲು ಕಂಬಿ ಇದ್ದದ್ದು ಒಂದೇ ಕಡೆ. ಆ ಕಡೆಯ ಕೈ ಪ್ಲಾಸ್ಟರಿನಲ್ಲಿತ್ತು, ಇನ್ನೊಂದರಲ್ಲಿ ತುಂಬಿದ ಲೋಟ.

"ಎಲ್ಲಿಗೇ?" ಎಂದೆ.

"ಅವರನ್ನ ಕೇಳ್ಕೊಂಡು ಬರ್ತೀನಿ" ಎಂದು ಕಾಲು ಚಾಚಿ ಮೊದಲ ಮೆಟ್ಟಿಲು ತಡಕಿದಳು.

ಹಿಂದಿನಿಂದ ಹಿಡಿಯೋಣವೆಂದರೆ ನನ್ನ ಕೈ ತಾಗಿಯೇ ಅವಳ ಆಯ ತಪ್ಪುವ ಭಯ. ಕೆಳಗೆ ಫೋಟೋ ಚೌಕಟ್ಟಿಗೆ ಮೊಳೆ ಹೊಡೆಯುತ್ತಿದ್ದ ಸದ್ದು ನಿಂತಿತು. ಭಾವ ತಲೆಯೆತ್ತಿದರು. ಅಕ್ಕನ ಎರಡನೆಯ ಹೆಜ್ಜೆ ಅರ್ಧ ಮರದ ಮೇಲೆ, ಅರ್ಧ ಗಾಳಿಯಲ್ಲಿತ್ತು. ಹಾಲು ತುಳುಕಿ ಮೆಟ್ಟಿಲ ಮೇಲೆ ಚೆಲ್ಲಿತು.

"ನಿಲ್ಲು! ಅಲ್ಲೇ ಕೂತ್ಕೋ! ಇಳೀಬೇಡ!" ಭಾವನ ಕೂಗು ಹೆಂಗಸಿನ ಕೂಗಿನಂತಿತ್ತು. ಸುತ್ತಿಗೆ ಬಿಸಾಡಿ ಎರಡೆರಡು ಮೆಟ್ಟಿಲು ಹಾರಿ ಬಂದು ಅವಳ ಮಂಡಿಗಳನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದರು. ಅಕ್ಕ ಮೆಲ್ಲಗೆ ಕುಳಿತಳು.

"ಬಿದ್ದಿದ್ರೆ?" ಎಂದರು.

"ಮುರೀತಿತ್ತು" ಎಂದಳು ಅಕ್ಕ.

ಭಾವ ಒಂದು ಮೆಟ್ಟಿಲು ಕೆಳಗೆ ಕೂತರು. ಆಮೇಲೆ ಅವಳ ಕೈಯಿಂದ ಲೋಟ ತೆಗೆದುಕೊಂಡು, ಕಣ್ಣುಮುಚ್ಚಿ ಎರಡು ಗುಟುಕು ಕುಡಿದರು. ಒಂದು ಕೈ ಪಕ್ಕೆಯ ಮೇಲಿತ್ತು. ನೋವಿಗೆ ಕಾಯುತ್ತಿದ್ದರು. ನೋವು ಬರಲಿಲ್ಲ.

"ನೀನೂ ಬಿಡು ಅಂತ ನಾನು ಯಾವತ್ತೂ ಹೇಳಿರ್ಲಿಲ್ಲ" ಎಂದರು ಕೊನೆಗೆ.

"ಕುಡಿ ಅಂತಾನೂ ಹೇಳಿರ್ಲಿಲ್ಲ" ಎಂದಳು ಅಕ್ಕ. ಕೋಪದಿಂದ ಅಂದದ್ದಲ್ಲ. ಕೋಪದಿಂದ ಅಂದಿದ್ದರೆ ಭಾವ ತಡೆದುಕೊಳ್ಳುತ್ತಿದ್ದರೋ ಏನೋ.

ಭಾವ ಹೆಗಲ ಬಟ್ಟೆಯಿಂದ ಮುಖ ಒರೆಸಿಕೊಂಡರು. ಲೋಟವನ್ನು ಅವಳ ಬಾಯಿಯ ಹತ್ತಿರ ಹಿಡಿದರು.

"ಕುಡಿ" ಎಂದರು.

ಅಕ್ಕ ಕುಡಿದಳು.