ನಮ್ಮ ಮನೆಯ ನಳ್ಳಿ

ಮಕ್ಕಳೇ, ಎಂಬತ್ತರ ದಶಕದಲ್ಲಿ ಮೂಡಬಿದಿರೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಲೇಜು ಮಾಷ್ಟ್ರು ನಮ್ಮ ಅಂಗಳದ ನೀರಿನ ಹಳೆಯ ನಳ್ಳಿಯ ಮುಂದೆ ಕಣ್ಣುಮುಚ್ಚಿ ಕುಳಿತಿರುತ್ತಿದ್ದರು. ಒಂದೇ ತಾಳದಲ್ಲಿ ಬೀಳುವ ಹನಿಗಳು, ನಳ್ಳಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಜೋಡಿಜೋಡಿಯಾಗುತ್ತಿದ್ದವು. ಇನ್ನಷ್ಟು ತಿರುಗಿಸಿದರೆ ತಾಳವೇ ತಪ್ಪುತ್ತಿತ್ತು.

“ಸ್ವಲ್ಪವೇ ಸಾಕು ಅಕ್ಕ, ಎಲ್ಲ ಬದಲಾಗ್ತದೆ. ಹೃದಯದ ಬಡಿತವೂ ಹೀಗೆಯೇ, ಊರಿಗೆ ಜ್ವರ ಹರಡುವುದೂ ಹೀಗೆಯೇ” ಎನ್ನುತ್ತಿದ್ದರು.

ಇದನ್ನು ನೋಡಲು ದೊಡ್ಡ ಪ್ರೊಫೆಸರೊಬ್ಬರು ಕಾಲೇಜಿಗೆ ಬರುವವರಿದ್ದರು. ಹಿಂದಿನ ದಿನ ಮಾಡಿ ನೋಡಿದಾಗ ಕಾಲೇಜಿನ ಹೊಸ ನಳ್ಳಿ ಹಾಗೆ ತೊಟ್ಟಿಕ್ಕಲೇ ಇಲ್ಲ, ಹುಡುಗರು ನಕ್ಕರಂತೆ. ಸಪ್ಪೆಮುಖದಲ್ಲಿ ಬಂದ ಮಾಷ್ಟ್ರಿಗೆ ಬಾಗಿಲ ಮರೆಯಿಂದಲೇ, “ನಮ್ಮ ನಳ್ಳಿಯನ್ನೇ ಬಿಚ್ಚಿಕೊಂಡು ಹೋಗಿ” ಎಂದೆ.

“ನನ್ನ ಸ್ನಾನಕ್ಕೆ ಏನು ಮಾಡುವ ಮಾರಾಯ್ತಿ?” ಎಂದರು ನಿಮ್ಮ ಅಜ್ಜ.

“ಬಾವಿ ಉಂಟಲ್ಲ.”

ಮರುದಿನ ಕಾಲೇಜಿನ ಸಭೆಗೆ ಮಾಷ್ಟ್ರು ನನ್ನನ್ನೂ ಕರೆದಿದ್ದರು. ಅಲ್ಲಿ ಪ್ರೊಫೆಸರರು ಕುರ್ಚಿ ಬಿಟ್ಟೆದ್ದು ನಮ್ಮ ನಳ್ಳಿಗೆ ಕಿವಿಗೊಟ್ಟರು. “ಎಲ್ಲಿಯದು ಇದು?” ಎಂದು ಕೇಳಿದರು.

“ನಮ್ಮ ಅಕ್ಕನ ಮನೆಯದು” ಎಂದು ಮಾಷ್ಟ್ರು ನನ್ನತ್ತ ಕೈ ತೋರಿಸಿದರು. ಸಭೆಯೆಲ್ಲ ತಿರುಗಿ ನೋಡಿತು. ಆ ದಿನ ನಾನು ತಲೆ ತಗ್ಗಿಸಲಿಲ್ಲ.